ಅಮ್ಮನನ್ನೇ ಕೇಳಿದ ಡಾಕ್ಟರು

ಸ್ನೇಹಿತರೇ, ಇವತ್ತು ಕುಂದಾಪುರದಲ್ಲಿ ಒಬ್ಬ ಡಾಕ್ಟರು ನನ್ನ ಬಾಯಿ ಮುಚ್ಚಿಸಿದರು. ಗಂಗೊಳ್ಳಿ ಬಂದರಿನಲ್ಲಿ ಎಲ್ಲರಿಗಿಂತ ಗಟ್ಟಿ ದನಿಯಲ್ಲಿ ಮೀನಿನ ವ್ಯಾಪಾರ ಮಾಡುವ ನನ್ನ ಅಮ್ಮ, ಆಸ್ಪತ್ರೆಯಲ್ಲಿ ಮಾತ್ರ ನನ್ನ ಹಿಂದೆ ನಿಲ್ಲುತ್ತಾಳೆ. ಬಿದ್ದರೆ ಮುರಿಯುವಷ್ಟು ಅವಳ ಮೂಳೆ ಸವೆದಿದೆಯಂತೆ. ಡಾಕ್ಟರು ಕುರ್ಚಿಯನ್ನು ಅವಳ ಕಡೆಗೇ ತಿರುಗಿಸಿಕೊಂಡು ವಿವರಿಸಿದರು. ವಾರಕ್ಕೊಂದು ಮಾತ್ರೆಯಾದರೆ ಖಾಲಿ ಹೊಟ್ಟೆಯಲ್ಲಿ ನುಂಗಿ ಅರ್ಧ ಗಂಟೆ ಚಹಾ ಕೂಡ ಕುಡಿಯಬಾರದು. ವರ್ಷಕ್ಕೊಂದು ಇಂಜೆಕ್ಷನ್ ಆದರೆ ಎರಡು ದಿನ ಜ್ವರ ಬರಬಹುದು. "ನಿಮಗೆ ಯಾವುದು ಅನುಕೂಲ?"

"ನೀವೇ ಹೇಳಿ ಡಾಕ್ಟ್ರೇ," ಎಂದೆ ನಾನು.

"ನನಗೆ ಔಷಧಿ ಗೊತ್ತು. ಅಮ್ಮನ ದಿನ ಹೇಗೆ ಹೋಗುತ್ತದೆ ಅಂತ ಗೊತ್ತಿಲ್ಲವಲ್ಲ," ಎಂದು ಸುಮ್ಮನೆ ಕಾದರು. ಹೊರಗೆ ಅಷ್ಟು ಜನ ಕುಳಿತಿದ್ದರೂ ಕಾದರು. ಅಮ್ಮನ ಮಾತಿಗಾಗಿ ಡಾಕ್ಟರೊಬ್ಬರು ಕಾಯುವುದನ್ನು ನಾನು ನೋಡಿರಲೇ ಇಲ್ಲ.

"ಒಂದಿನೂ ಚಾ ಕುಡೀದೆ ಬಂದರಿಗೆ ಹೋಪುಕ್ ಆತ್ತಿಲ್ಲ. ಇಂಜೆಕ್ಷನ್ನೇ ಅಡ್ಡಿಲ್ಲ," ಎಂದಳು ಅಮ್ಮ ಮೆಲ್ಲಗೆ. "ಮಳ್ಗಾಲಕ್ಕೆ ಬೋಟ್ ನಿಂತ್ ಮೇಲೆ ಕೊಡಿ. ಆಗ ಜ್ವರ ಬಂದ್ರೂ ಮನಿಕಂಬ್ಲಕ್."

"ಹಾಗೇ ಮಾಡುವ, ಆಗ ಆರಾಮಾಗಿ ಮಲಗಬಹುದು," ಎಂದರು ಡಾಕ್ಟರು.

ಹೊರಗೆ ಬಂದು ಹೋಟೆಲಿನಲ್ಲಿ ಕುಳಿತೆವು. ಎಂದಿನಂತೆ "ಇಬ್ಬರಿಗೂ ಇಡ್ಲಿ" ಎಂದೆ. ಹೊರಟಿದ್ದ ಸಪ್ಲೈಯರನ್ನು ಅಮ್ಮ ನಿಲ್ಲಿಸಿದಳು.

"ಹ್ವಾಯ್, ನಂಗೆ ಮಸಾಲೆ ದೋಸಿ."