ದೋಟಿಗೆ ಕಟ್ಟಿದ ತಂತಿ

ಬೀದರಿನಲ್ಲಿ ಗುಡ್ಡ ಎಲ್ಲಿದೆ ಎಂದು ಕೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನಮ್ಮ ಹ್ಯಾಮ್ ರೇಡಿಯೊ ಗೆಳೆಯರು ಬೆಟ್ಟ ಹತ್ತಿ, ತುದಿಯಲ್ಲಿ ಪುಟ್ಟ ರೇಡಿಯೊ ಹೂಡಿ ದೂರದ ಊರುಗಳೊಡನೆ ಮಾತಾಡುತ್ತಾರೆ. ಬೇರೆ ಬೇರೆ ಊರಿನ ನಾಲ್ವರು ಉತ್ತರ ಕೊಟ್ಟರೆ ಆ ಬೆಟ್ಟ ಪಟ್ಟಿಗೆ ಸೇರಿತು, ಮೂವರಾದರೆ ಇಲ್ಲ. ಅವರ ಪಟ್ಟಿಯಲ್ಲಿ ನಮ್ಮ ಜಿಲ್ಲೆಯ ಒಂದು ದಿಣ್ಣೆಯೂ ಇರಲಿಲ್ಲ. ಸೇರಿಸಿಯೇ ತೀರುತ್ತೇನೆ ಎಂದು ಎಲ್ಲರೆದುರು ಜಂಬ ಕೊಚ್ಚಿದ್ದೆ.

ಕೊಳಾರದ ಕಾರ್ಖಾನೆಯಲ್ಲಿ ಮೋಟಾರು ರಿಪೇರಿ ನನ್ನ ಕೆಲಸ. ಸುಟ್ಟ ಮೋಟಾರಿನಿಂದ ಬಿಚ್ಚಿದ ತಾಮ್ರದ ತಂತಿಯೇ ನನ್ನ ಆಂಟೆನಾ. ಒಂದು ಭಾನುವಾರ ಭಾಲ್ಕಿಗೆ ಹೋಗಿ, ಖಟಕ ಚಿಂಚೋಳಿಯ ಬಸ್ಸು ಹಿಡಿದು, ನಡುದಾರಿಯಲ್ಲಿ ಇಳಿದು ಕೆಂಪುಕಲ್ಲಿನ ಗುಡ್ಡ ಏರಿದೆ. ಚೀಲ ಬಿಚ್ಚಿದರೆ ರೇಡಿಯೊ ಇತ್ತು, ಬ್ಯಾಟರಿ ಇತ್ತು. ತಂತಿ ಎತ್ತಿ ಕಟ್ಟುವ ಗಳ ಬಸ್ಸಿನಲ್ಲೇ ಉಳಿದಿತ್ತು. ಬಾಯಿಗೆ ಬಂದಂತೆ ಬೈದುಕೊಂಡೆ.

ಅದನ್ನು ಕೇಳಿ, ಕುರಿ ಮೇಯಿಸುತ್ತಿದ್ದ ಹೆಂಗಸೊಬ್ಬರು ಹತ್ತಿರ ಬಂದರು. ಕೈಯಲ್ಲಿ ಜಾಲಿಯ ಟೊಂಗೆ ಕತ್ತರಿಸುವ ದೋಟಿ: ಉದ್ದನೆಯ ಬಿದಿರು, ತುದಿಗೆ ಕುಡುಗೋಲು.

"ಯಾರಿಗಿ ಬೈಲಕತ್ತೀರಿ?"

"ನನಗ ನಾನೇ ಬೈಕೊಳ್ಳಕತ್ತೀನ್ರಿ. ನಿಮ್ಮ ದೋಟಿ ಒಂದ್ ತಾಸು ಕೊಡ್ರಿ."

"ದೋಟಿ ಕೊಟ್ರ ಕುರಿ ಏನ್ ತಿಂತಾವ್ರಿ? ನಿಮ್ಮ ತಂತಿ ತಿಂತಾವೇನು?"

ವಿಷಯ ಹೇಳಿದೆ. ಈ ಗುಡ್ಡದ ಮಾನದ ಪ್ರಶ್ನೆ ಎಂದದ್ದೇ ಅವರ ಮುಖ ಬದಲಾಯಿತು. ಕೆಂಪುಕಲ್ಲಿನಲ್ಲಿ ದೋಟಿ ನಾಟಲಿಲ್ಲ. ನಾನು ತಂತಿ ಸಿಕ್ಕಿಸಿ ಎತ್ತಿಕೊಟ್ಟೆ, ಅವರೇ ಹಿಡಿದು ನಿಂತರು.

ರೇಡಿಯೊದಲ್ಲಿ ಮೂವರು ಬೇಗ ಸಿಕ್ಕರು. ಆಮೇಲೆ ಗಾಳಿ ಬೀಸಿತು, ರೇಡಿಯೊ ಮೂಕವಾಯಿತು. ತಲೆಯೆತ್ತಿ ನೋಡಿದರೆ ತಂತಿ ತುಂಡಾಗಿ ನೇತಾಡುತ್ತಿದೆ. ಜಾಣನಂತೆ ನಾನೇ ಅದನ್ನು ಕುಡುಗೋಲಿನ ಬಾಯಿಗೆ ಸಿಕ್ಕಿಸಿದ್ದೆ. ಕುಡುಗೋಲು ತನ್ನ ಕೆಲಸ ಮಾಡಿತ್ತು.

"ಇಷ್ಟೂ ತಿಳಿಲಿಲ್ಲೇನ್ರಿ?" ಎಂದು ನಕ್ಕು ದೋಟಿ ಇಳಿಸಿದರು. ಬಿಸಿಲಿಗೆಂದು ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಕುಡುಗೋಲಿಗೆ ಬಿಗಿಯಾಗಿ ಸುತ್ತಿದರು. ನಾನು ತಂತಿ ಕೆರೆದು ಜೋಡಿಸಿದೆ. ಅಷ್ಟರಲ್ಲಿ ಕುರಿಗಳು ಕೆಳಗಿನ ತೊಗರಿ ಹೊಲದ ಕಡೆ ಮುಖ ಮಾಡಿದ್ದವು. ನಿಂತಲ್ಲಿಂದಲೇ ಕೂಗಿ, ಶಿಳ್ಳೆ ಹಾಕಿ ತಡೆದರು. ದೋಟಿ ಮಾತ್ರ ಬಿಡಲಿಲ್ಲ.

ಬ್ಯಾಟರಿ ಕುಸಿಯುತ್ತಿತ್ತು. ಕರೆದು ಕರೆದು ಗಂಟಲು ಒಣಗಿದ ಮೇಲೆ, ತೆಳ್ಳನೆಯ ದನಿಯೊಂದು ಸರಕಾರ ನನಗೆ ಕೊಟ್ಟ ಕಾಲ್‌ಸೈನ್ ಎಂಬ ಗುರುತಕ್ಷರಗಳನ್ನು ಹೇಳಿತು. ಮಂಗಳೂರಿನ ಕಡಲ ದಂಡೆಯವರು. ಗುಡ್ಡದ ಹೆಸರೇನು ಎಂದು ಕೇಳಿದರು. ನಕಾಶೆಯಲ್ಲಿ ಅದಕ್ಕೆ ಹೆಸರೇ ಇಲ್ಲ. ಹೆಂಗಸಿನ ಮುಖ ನೋಡಿದೆ.

"ಹಾಲಗುಡ್ಡ ಅಂತ ಹೇಳ್ರಿ. ಇಲ್ಲಿ ಮೇದ್ರ ಕುರಿಗಿ ಹಾಲು ಹೆಚ್ಚ."

ಹೇಳಿದೆ. "ಹಾಲಗುಡ್ಡ" ಎಂದು ಆ ದನಿ ಮರಳಿ ಹೇಳಿತು. ಅವರು ದೋಟಿಯನ್ನು ಇನ್ನಷ್ಟು ನೆಟ್ಟಗೆ ಹಿಡಿದರು. ನಾನು ಹೆಮ್ಮೆಯಿಂದ ಪೆನ್ನು ತೆಗೆದೆ.

ಉತ್ತರ ಕೊಟ್ಟವರನ್ನು ದಾಖಲಿಸುವ ಪುಸ್ತಕದಲ್ಲಿ ನಾಲ್ಕನೆಯ ಸಾಲು ಬರೆಯುವಾಗ ಅವರು ಬಗ್ಗಿ ನೋಡಿದರು.

"ನಾ ಹಿಡ್ದಿದ್ದು ಬರದೀರೇನ್ರಿ?"

ಅದಕ್ಕೆ ಅಂಕಣವಿರಲಿಲ್ಲ. ಹೆಸರು ಕೇಳಿ ಐದನೆಯ ಸಾಲಿನಲ್ಲಿ ಬರೆದು, ಓದಿ ಹೇಳಿದೆ. ಟವೆಲ್ ಬಿಚ್ಚಿ ತಲೆಗೆ ಸುತ್ತಿಕೊಂಡು ಕುರಿಗಳ ಹಿಂದೆ ಇಳಿದು ಹೋದರು.

ಆ ಪುಸ್ತಕದಲ್ಲಿ ಕಾಲ್‌ಸೈನ್ ಇಲ್ಲದ ಹೆಸರು ಅದೊಂದೇ. ಬೀದರಿನಲ್ಲಿ ಗುಡ್ಡ ಎಲ್ಲಿದೆ ಎಂದು ಕೇಳಿದವರಿಗೆ ಮೊದಲು ಆ ಪುಟವನ್ನೇ ತೋರಿಸುತ್ತೇನೆ.