ಬೇಲಿಯಾಚೆಯ ಆತೆ, ಬೇಲಿಯೀಚೆಯ ಅತ್ತೆ

ಇಡ್ಲಿಯ ಬಣ್ಣ ನೇರಳೆ. ಸಾಲದ್ದಕ್ಕೆ ನೆತ್ತಿಯ ಮೇಲೊಂದು ಚೀಸ್ ತುಂಡು. ಹ್ಯೂಸ್ಟನ್ನಿನ ದಕ್ಷಿಣಕ್ಕಿರುವ ಪೇರ್‌ಲ್ಯಾಂಡಿಗೆ ನಾವು ಶಿಫ್ಟ್ ಆದ ಮಾರನೇ ದಿನ, ಡಬ್ಬಗಳನ್ನು ಇನ್ನೂ ಬಿಚ್ಚಿರದ ಮನೆಯ ಬಾಗಿಲಲ್ಲಿ ಪಕ್ಕದ ಮನೆಯ ಹೆಂಗಸು ಈ ಇಡ್ಲಿಗಳ ತಟ್ಟೆ ಹಿಡಿದು ನಿಂತಿದ್ದರು. ಕುಳ್ಳಗೆ, ದುಂಡಗೆ, ಅರವತ್ತು ದಾಟಿದವರು. ಹಲೋ ಇಲ್ಲ, ಯಾವ ದೇಶ ಎಂಬ ವಿಚಾರಣೆ ಇಲ್ಲ. ಇಂಗ್ಲಿಷಿನಲ್ಲಿ ಅವರು ಮೊದಲು ಕೇಳಿದ್ದು, ಊಟ ಆಯಿತಾ ಎಂದು.

ಟೆಕ್ಸಸ್‌ಗೆ ಬಂದ ಮೇಲೆ ಹೇಗಿದ್ದೀರಿ ಎಂದು ಕೇಳಿ ಉತ್ತರಕ್ಕೆ ಕಾಯದೆ ಮುಂದೆ ಹೋದವರು ಲೆಕ್ಕವಿಲ್ಲದಷ್ಟು ಜನ. ಹೊಟ್ಟೆಯನ್ನು ವಿಚಾರಿಸಿಕೊಂಡ ಪರಭಾಷೆಯವರು ಇವರೊಬ್ಬರೇ. ಆ ಇಡ್ಲಿಯ ಹೆಸರು ಪುಟೊ. ಅಕ್ಕಿಹಿಟ್ಟಿನದು, ಸಿಹಿ, ಬಣ್ಣ ಅವರ ಕಡೆಯ ಒಂದು ನೇರಳೆ ಗೆಣಸಿನದು. ಚೀಸ್ ತೆಗೆದಿಟ್ಟು ತಿಂದೆ. ಚೆನ್ನಾಗಿತ್ತು.

ತಾವು ಫಿಲಿಪೀನ್ಸಿನವರು, ಆಸ್ಪತ್ರೆಯ ನರ್ಸ್ ಆಗಿದ್ದು ನಿವೃತ್ತರಾದವರು, ಹೆಸರು ಲೂಸ್ ಎಂದರು. ಸ್ಪ್ಯಾನಿಷಿನಲ್ಲಿ ಲೂಸ್ ಎಂದರೆ ಬೆಳಕಂತೆ. ನಮ್ಮ ಬೆಂಗಳೂರು, ಮೈಸೂರಿನಲ್ಲಿ ಅದಕ್ಕೆ ಏನರ್ಥವೆಂದು ನಿಮಗೆ ಹೇಳಬೇಕಾಗಿಲ್ಲ. ನನ್ನ ಹಿಂದೆ ನಿಂತಿದ್ದ ಗಂಡ ಪ್ರಸನ್ನ ಸುಮ್ಮಸುಮ್ಮನೆ ಕೆಮ್ಮತೊಡಗಿದ. ಹಿರಿಯರೊಬ್ಬರನ್ನು ಮುಖಕ್ಕೆ ಮುಖ ಕೊಟ್ಟು ಲೂಸ್ ಎಂದು ಕರೆಯಲು ನನಗೆ ನಾಲಿಗೆ ಏಳಲಿಲ್ಲ. ನನ್ನ ತಡವರಿಕೆಯನ್ನು ಅವರು ಸಂಕೋಚವೆಂದುಕೊಂಡು, ಎಲ್ಲರೂ ನನ್ನನ್ನು ಆತೆ ಅಂತಾರೆ, ನೀನೂ ಹಾಗೇ ಕರಿ ಎಂದರು. ಅವರ ತಗಲಾಗ್ ಭಾಷೆಯಲ್ಲಿ ಆತೆ ಎಂದರೆ ಅಕ್ಕ. ನನ್ನ ಕಿವಿಗೆ ಅದು ಅತ್ತೆ. ಅತ್ತ ದರಿ, ಇತ್ತ ಪುಲಿ. ಮೈಸೂರಿನಲ್ಲಿ ಇರುವ ಒಬ್ಬ ಅತ್ತೆಯ ಜೊತೆಗೆ ಇನ್ನೊಬ್ಬರು ಸಿಕ್ಕರು ಎಂದುಕೊಂಡು ನಾನು ಪುಲಿಯನ್ನೇ ಆರಿಸಿಕೊಂಡೆ.

ನಾವು ಅದಕ್ಕೆ ಮೊದಲು ಇದ್ದದ್ದು ಡಾಲಸ್ ಪಕ್ಕದ ಕಾಪೆಲ್‌ನಲ್ಲಿ. ಅಲ್ಲಿ ನಾನು ವಿದೇಶದಲ್ಲಿದ್ದೇನೆ ಎಂದು ಅನ್ನಿಸುತ್ತಿದ್ದದ್ದು ಹೈವೇಗೆ ಇಳಿದಾಗ ಮಾತ್ರ. ಬೀದಿಯಲ್ಲಿ ವಾಕ್ ಹೋದರೆ ಮೂರು ಮನೆಯಿಂದ ಒಗ್ಗರಣೆಯ ಘಾಟು, ಹುಳಿಪುಡಿ ಮುಗಿದರೆ ಸುಧಾಳ ಮನೆ, ಮಗಳನ್ನು ಸಂಗೀತ ಕ್ಲಾಸಿಗೆ ಬಿಡುವ ಕಾರ್‌ಪೂಲಿನಲ್ಲಿ ಇನ್ನೊಬ್ಬ ಮೈಸೂರಿನವಳು. ಪ್ರಸನ್ನನ ಕೆಲಸ ಹ್ಯೂಸ್ಟನ್ನಿಗೆ ಬದಲಾದಾಗ ನಾನು ಒಂದೇ ಷರತ್ತು ಹಾಕಿದೆ. ಕಾಪೆಲ್ ಮನೆ ಮಾರುವುದು ಬೇಡ, ಬಾಡಿಗೆಗೆ ಕೊಡೋಣ, ಒಂದು ವರ್ಷ ನೋಡಿ ಹಿಡಿಸದಿದ್ದರೆ ವಾಪಸ್.

ಹಿಡಿಸುವ ಲಕ್ಷಣಗಳೇನೂ ಇರಲಿಲ್ಲ. ಡಾಲಸ್‌ನ ಬಿಸಿಲು ಒಣ ಬಾಣಲೆಯಾದರೆ ಹ್ಯೂಸ್ಟನ್ನಿನದು ಇಡ್ಲಿ ಕುಕ್ಕರ್. ಬೀದಿಯಲ್ಲಿ ಜನ ಕೈ ಬೀಸುತ್ತಿದ್ದರು, ಗ್ಯಾರೇಜ್ ಬಾಗಿಲು ಮುಚ್ಚುತ್ತಿದ್ದರು. ಪ್ರಸನ್ನ ಆಫೀಸಿಗೆ, ಮಗಳು ಸ್ಕೂಲಿಗೆ ಹೋದ ಮೇಲೆ ಆ ದೊಡ್ಡ ಮನೆಯಲ್ಲಿ ಫ್ರಿಜ್ಜಿನ ಸದ್ದು ಕೇಳುತ್ತ ಕೂರುತ್ತಿದ್ದೆ. ಬೇಸರಕ್ಕೆ ಸುಧಾಗೆ ಫೋನ್ ಮಾಡಿದರೆ ಅಲ್ಲಿಯ ಸುದ್ದಿ ಕೇಳಿ ಬೇಸರ ಇನ್ನೂ ಹೆಚ್ಚಾಗುತ್ತಿತ್ತು. ಆ ದಿನಗಳಲ್ಲಿ ನನಗಿದ್ದ ಒಬ್ಬರೇ ಸ್ನೇಹಿತೆ ಎಂದರೆ ಲೂಸ್.

ಅವರ ಹಿತ್ತಲಲ್ಲಿ ಒಂದು ನುಗ್ಗೆಮರವಿತ್ತು. ಅದಕ್ಕೆ ಅವರು ಮಲುಂಗಾಯ್ ಎನ್ನುವರು. ಹೆಸರಿನಲ್ಲೇ ಕಾಯಿ ಇದೆಯಲ್ಲ ಎಂದು ನಾನು ಖುಷಿಪಟ್ಟರೆ, ಅವರಿಗೆ ಕಾಯಿ ಬೇಡವೇ ಬೇಡ, ಬರೀ ಸೊಪ್ಪು. ಕಾಯಿ ನನಗೆ, ಸೊಪ್ಪು ಅವರಿಗೆ ಎಂದು ಪಾಲಾಯಿತು. ಹೆಚ್ಚಾದ ಸೊಪ್ಪನ್ನು ಕವರಿಗೆ ತುಂಬಿ ನನ್ನ ಫ್ರೀಜರಿಗೂ ಹಾಕಿಸಿದರು. ತಮ್ಮವರ ಅಂಗಡಿಗೆ ಕರೆದುಕೊಂಡು ಹೋಗಿ ಹಾಗಲಕಾಯಿ, ಎಳೆ ಹಲಸು, ಬಾಳೆಎಲೆ ತೋರಿಸಿದರು. ಅಲ್ಲಿ ಮೀನಿನ ವಾಸನೆಗೆ ನಾನು ಮೂಗು ಮುಚ್ಚಿಕೊಂಡರೆ, ನಮ್ಮ ಇಂಡಿಯನ್ ಅಂಗಡಿಯ ಇಂಗಿನ ವಾಸನೆಗೆ ಅವರು ಮುಚ್ಚಿಕೊಂಡರು.

ಲೂಸ್‌ಗೆ ಒಂದು ಹುಚ್ಚಿತ್ತು. ತಿಂಗಳಿಗೊಂದು ಶನಿವಾರ ಹೊರಗಿನವರನ್ನು ಕರೆದು ತಮ್ಮ ದೇಶದ ಊಟ ಮಾಡಿಸುವುದು. ಥಾಯ್ ಗೊತ್ತು, ಚೈನೀಸ್ ಗೊತ್ತು, ನಮ್ಮದು ಮಾತ್ರ ಯಾರಿಗೂ ಗೊತ್ತಿಲ್ಲವಲ್ಲ ಎಂಬುದು ಅವರ ಕೊರಗು. ಆ ಊಟದ ಹೆಸರು ಕಮಾಯನ್. ರಾಮಾಯಣ ಎಂದಂತೆ ಕೇಳುವ ಈ ಪದಕ್ಕೆ ಕೈಯಿಂದ ಉಣ್ಣುವುದು ಎಂದರ್ಥ. ಉದ್ದನೆ ಮೇಜಿಗೆ ಬಾಳೆಎಲೆ ಹಾಸಿ, ನಡುವೆ ಅನ್ನದ ಒಡ್ಡು ಕಟ್ಟಿ, ಅದರ ಸುತ್ತ ಪದಾರ್ಥಗಳನ್ನಿಟ್ಟು, ಎಲ್ಲರೂ ಒಂದೇ ಎಲೆಯಿಂದ ತಿನ್ನಬೇಕು. ಎಂಜಲು ಎಂಬ ಮಾತೇ ಇಲ್ಲ. ನಮ್ಮ ಪಂಕ್ತಿಯಲ್ಲಿ ಎಲೆ ನಿನ್ನದು ನಿನಗೆ, ನನ್ನದು ನನಗೆ.

ಕೈಯಲ್ಲಿ ತಿನ್ನಲು ಬಾರದ ಅತಿಥಿಗಳಿಗೆ ಕಲಿಸುವ ಕೆಲಸ ನನ್ನದಾಯಿತು. ಆಸ್ಟಿನ್‌ನಿಂದ ಬಂದಿದ್ದ ಗಂಡ ಹೆಂಡತಿ, ಆಸ್ಪತ್ರೆಯ ಹಳೆ ಡಾಕ್ಟರು, ಎದುರು ಮನೆಯ ದಢೂತಿ ಟೆಕ್ಸಸ್ ಆಸಾಮಿ ಎಲ್ಲರೂ ನನ್ನ ಬೆರಳು ನೋಡಿ ಕಲಿತರು. ಬೆರಳಲ್ಲಿ ಒತ್ತಿ ಹೆಬ್ಬೆರಳಲ್ಲಿ ನೂಕುವುದನ್ನು ತೋರಿಸಲು ನನಗೆ ಎಷ್ಟು ಹೆಮ್ಮೆ ಎನ್ನುತ್ತೀರಿ! ಮೈಸೂರಿನಲ್ಲಿ ಯಾರೂ ನನ್ನನ್ನು ಇದಕ್ಕಾಗಿ ಹೊಗಳಿರಲಿಲ್ಲ.

ಎಡವಟ್ಟಾದದ್ದು ಅಲ್ಲೇ. ನಾನು ಸಸ್ಯಾಹಾರಿ ಎಂದು ಹೇಳಿದ್ದೆ. ಲೂಸ್ ಒಂದು ಪಲ್ಯ ತೋರಿಸಿ, ಇದರಲ್ಲಿ ಮಾಂಸ ಇಲ್ಲ, ಎಲ್ಲ ತರಕಾರಿಯೇ ಎಂದರು. ಹಾಗಲ, ಬದನೆ, ಬೆಂಡೆ, ಅಲಸಂದೆ, ಕುಂಬಳ. ಪಿನಕ್ಬೆಟ್ ಎಂದು ಹೆಸರು. ಅದಕ್ಕೊಂದು ಆಳವಾದ ಉಪ್ಪುರುಚಿ ಇತ್ತು. ನಾನು ಎರಡನೇ ಸಲವೂ ಹಾಕಿಕೊಂಡು, ಈ ರುಚಿ ಬರಲು ಏನು ಹಾಕುತ್ತೀರಿ ಎಂದು ಕೇಳಿದೆ. ಬಗೋಂಗ್ ಎಂದು ಅವರು ಹೆಮ್ಮೆಯಿಂದ ಬಾಟಲಿ ತಂದು ತೋರಿಸಿದರು. ಉಪ್ಪು ಹಾಕಿ ಹುಳಿಬರಿಸಿದ ಸಣ್ಣ ಸಿಗಡಿ.

ನಾನು ಕೈಯಲ್ಲಿದ್ದ ತುತ್ತನ್ನು ಎಲೆಯ ಮೇಲೆ ಇಟ್ಟುಬಿಟ್ಟೆ. ಮುಖವೂ ಏನೋ ಅಂದಿರಬೇಕು. ಅವರಿಗೆ ಮಾಂಸವೆಂದರೆ ದನ, ಹಂದಿ, ಕೋಳಿ. ಅವರ ಚರ್ಚಿನ ನಿಯಮದಂತೆ ಮಾಂಸ ಬಿಡಬೇಕಾದ ಶುಕ್ರವಾರಗಳಲ್ಲೂ ಮೀನು, ಸಿಗಡಿ ನಡೆಯುತ್ತದೆ, ಅದನ್ನು ಮಾಂಸದ ಲೆಕ್ಕಕ್ಕೆ ಸೇರಿಸಬೇಕೆಂದು ಅವರಿಗೆ ಹೊಳೆದೇ ಇರಲಿಲ್ಲ. ಮನೆಗೆ ಬಂದು ಬಾಯಿ ತೊಳೆದುಕೊಂಡೆ, ಒಂದೆರಡು ದಿನ ಬರೀ ಮೊಸರನ್ನ ತಿಂದೆ, ಆಮೇಲೆ ಸರಿಹೋಯಿತು. ಸರಿಹೋಗದೆ ಉಳಿದವರು ಲೂಸ್. ಬಾಗಿಲು ತಟ್ಟಿದರೆ ತೆರೆಯಲಿಲ್ಲ, ಫೋನ್ ಮಾಡಿದರೆ ಎತ್ತಲಿಲ್ಲ. ಪರವಾಗಿಲ್ಲ ಎಂದು ಮೆಸೇಜ್ ಕಳಿಸಿದರೆ ಸಾರಿ ಎಂಬ ಒಂದೇ ಪದ ಬಂತು. ಮುಂದಿನ ತಿಂಗಳು ಕಮಾಯನ್ ನಡೆಯಲಿಲ್ಲ. ಅದರ ಮುಂದಿನ ತಿಂಗಳೂ ಇಲ್ಲ. ನನಗೆ ಸಿಗಡಿ ತಿಂದದ್ದಕ್ಕಿಂತ ಹೆಚ್ಚಿನ ಸಂಕಟವಾದದ್ದು ಇದರಿಂದ. ಇನ್ನು ಇಲ್ಲೇನಿದೆ, ವಾಪಸ್ ಹೋಗೋಣ ಎಂದು ಪ್ರಸನ್ನನಿಗೆ ಹೇಳಿಯೂ ಬಿಟ್ಟೆ. ಬೇಸಿಗೆಗೆ ಬಾಡಿಗೆಯವರು ಬಿಡುತ್ತಾರೆ, ಆಗ ನೋಡೋಣ ಎಂದ.

ಚಳಿ ಮುಗಿಯುವ ಹೊತ್ತಿಗೆ ನಮ್ಮ ಅತ್ತೆ ಮೈಸೂರಿನಿಂದ ಬಂದರು. ಎಪ್ಪತ್ತೈದಾದರೂ ಗಟ್ಟಿ, ಮಾತೂ ಗಟ್ಟಿ. ಬೇರೆಯವರ ಮನೆಯಲ್ಲಿ ನೀರು ಕುಡಿಯಬೇಕಾದರೂ ಲೋಟ ತಿರುಗಿಸಿ ನೋಡುವವರು. ಲೂಸ್ ಕಥೆಯನ್ನೆಲ್ಲ ನಾನು ಫೋನಿನಲ್ಲೇ ಒದರಿದ್ದರಿಂದ ಬಂದವರೇ ಬೇಲಿಯ ಸಂದಿಯಿಂದ ಒಮ್ಮೆ ಇಣುಕಿ, ಆ ಅತ್ತೆಯ ನುಗ್ಗೆಮರ ಚಳಿಗೆ ಒಣಗಿದೆ, ಬುಡದಲ್ಲಿ ಚಿಗುರಿದೆ ಎಂದು ವರದಿ ಒಪ್ಪಿಸಿದರು.

ಒಂದು ಶುಕ್ರವಾರ ಮಧ್ಯಾಹ್ನ. ಲೂಸ್ ಕೊಟ್ಟಿದ್ದ ನುಗ್ಗೆಸೊಪ್ಪಿನ ಕೊನೆಯ ಕವರ್ ಫ್ರೀಜರಿನಲ್ಲಿತ್ತು. ಅದಕ್ಕೆ ಹೆಸರುಕಾಳು ಸೇರಿಸಿ ಹುಳಿ ಮಾಡಿದ್ದೆ. ಅತ್ತೆ ಹಿತ್ತಲಲ್ಲಿ ಕರಿಬೇವಿನ ಕುಂಡವನ್ನು ಬಿಸಿಲಿಗೆ ಸರಿಸುತ್ತಿದ್ದರು. ನಾನು ಅಡುಗೆಮನೆಯ ಬಾಗಿಲಿನಿಂದಲೇ ಗಟ್ಟಿಯಾಗಿ, "ಅತ್ತೆ, ಬನ್ನಿ, ಊಟ ಮಾಡೋಣ" ಎಂದು ಕೂಗಿದೆ.

ಬೇಲಿಯಾಚೆಯಿಂದ ಓಗೊಟ್ಟ ಸದ್ದು ಬಂತು. ಅತ್ತೆ ಕುಂಡ ಇಳಿಸುವಷ್ಟರಲ್ಲಿ ಪಕ್ಕದ ಗೇಟಿನ ಚಿಲಕ ತೆಗೆದು ಲೂಸ್ ಒಳಗೆ ಬಂದೇಬಿಟ್ಟರು. ಕೈ ಒದ್ದೆ, ಏಪ್ರನ್ ಮೇಲೇ ಓಡಿಬಂದಿದ್ದರು. ಮುಖದಲ್ಲಿ ಅಳುವೋ ನಗುವೋ ತಿಳಿಯದಂತಿತ್ತು. ಕರೆದೆಯಾ ಎಂದು ಕೇಳಿದರು. ಅವರ ಹಿಂದೆಯೇ ಅತ್ತೆ, ಕೈಯಲ್ಲಿ ಕರಿಬೇವಿನ ಎಸಳು ಹಿಡಿದು ನಿಂತಿದ್ದರು.

ಕರೆದೆ, ಬನ್ನಿ ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ.

"ಕರೆದಿದ್ದು ನನ್ನನ್ನಲ್ವೇನೆ?" ಎಂದರು ಅತ್ತೆ.

"ಇಬ್ಬರನ್ನೂ, ಅತ್ತೆ."

ಅತ್ತೆ ಒಂದು ಸಲ ಲೂಸ್‌ರನ್ನು ನೋಡಿದರು, ಒಂದು ಸಲ ನನ್ನನ್ನು. ಆಮೇಲೆ ಒಳಗೆ ಹೋಗಿ ಇನ್ನೊಂದು ತಟ್ಟೆ ಹಾಕಿದರು. ಹುಳಿ ಬಡಿಸಿದ್ದೇ ತಡ, ಮೊಂಗೊ ಎಂದರು ಲೂಸ್. ಹೆಸರುಕಾಳಿಗೆ ನುಗ್ಗೆಸೊಪ್ಪು ಹಾಕಿದ ಇದೇ ಅಡುಗೆ ಅವರಲ್ಲೂ ಇದೆ, ಶುಕ್ರವಾರದ ಅಡುಗೆಯೇ ಅದಂತೆ. ಎರಡು ತುತ್ತು ತಿನ್ನುವಷ್ಟರಲ್ಲಿ ಅವರ ಕಣ್ಣು ತುಂಬಿತು. ಆಸ್ಪತ್ರೆಯಲ್ಲಿ ರೋಗಿಗಳ ಬಾಯಿಗೆ ಹೋಗುವುದನ್ನೆಲ್ಲ ಎರಡೆರಡು ಸಲ ಓದಿ ನೋಡಿ ಕೊಡುತ್ತಿದ್ದವಳು ನಾನು, ನಂಬಿ ಬಂದ ನೆರೆಯವಳಿಗೆ ಮಾತ್ರ ಕೇಳದೆ ಬಡಿಸಿಬಿಟ್ಟೆ ಎಂದರು. ಅವರು ಇಷ್ಟು ದಿನ ಮುಖ ತಪ್ಪಿಸಿದ್ದು ಯಾಕೆಂದು ನನಗೆ ಆಗ ತಿಳಿಯಿತು.

ಏನಂತೆ ಎಂದು ಅತ್ತೆ ಕೇಳಿದರು. ಕನ್ನಡದಲ್ಲಿ ಹೇಳಿದೆ.

"ಆಕೆಗೆ ಹೀಗೆ ಹೇಳು. ಕಣ್ಣಿರೋದು ಯಾವುದನ್ನೂ ನಾವು ತಿನ್ನಲ್ಲ, ಅಷ್ಟೇ. ವೆಜಿಟೇರಿಯನ್ನು ಗಿಜಿಟೇರಿಯನ್ನು ಅಂದ್ರೆ ಯಾರಿಗೆ ಅರ್ಥ ಆಗುತ್ತೆ?"

ಲೂಸ್ ಗಂಭೀರವಾಗಿ ಕೇಳಿಸಿಕೊಂಡು, ಸ್ವಲ್ಪ ಯೋಚಿಸಿ, ಹಾಗಾದರೆ ಅನಾನಸ್ ಎಂದು ಕೇಳಿದರು. ಅದರ ಮೈತುಂಬ ಕಣ್ಣಲ್ಲವೇ. ನಾನು ಅದನ್ನು ಅತ್ತೆಗೆ ದಾಟಿಸಿದೆ. ಅತ್ತೆ ಬಡಿಸುತ್ತಿದ್ದ ಸೌಟನ್ನು ಕೆಳಗಿಟ್ಟು ನಕ್ಕರು. "ಅದಕ್ಕೆ ಎಷ್ಟು ಕಣ್ಣಿದ್ರೂ ಪರವಾಗಿಲ್ಲ ಅನ್ನು. ನಾವು ಗೊಜ್ಜು ಮಾಡ್ತೀವಿ."

ಮರುತಿಂಗಳು ಕಮಾಯನ್ ನಡೆಯಿತು. ಉದ್ದನೆಯ ಎಲೆಯ ನಡುವೆ ಲೂಸ್ ಒಂದು ಇಡೀ ಅನಾನಸ್ ನಿಲ್ಲಿಸಿದ್ದರು. ಅದರ ಆಚೆ ಕಣ್ಣಿರುವ ಪದಾರ್ಥ, ಈಚೆ ಕಣ್ಣಿಲ್ಲದ್ದು ಎಂದು ಬಂದವರಿಗೆಲ್ಲ ವಿವರಿಸಿದರು. ಈಚೆಯ ಪಾತ್ರೆಗಳು ಹೊಸವು, ಸೌಟು ಬೇರೆ. ಅತ್ತೆ ಸುಮ್ಮನೆ ನೋಡಲು ಬರುತ್ತೇನೆ ಎಂದು ಕುರ್ಚಿ ಹಾಕಿಸಿಕೊಂಡು ಕೂತರು. ಬಾಳೆಎಲೆಯಲ್ಲಿ ಸುತ್ತಿ ಬೇಯಿಸಿದ ಅಂಟಕ್ಕಿಯ ಕಡುಬೊಂದನ್ನು ಲೂಸ್ ಅವರ ಕೈಯಲ್ಲಿಟ್ಟರು. ಅದರ ಹೆಸರು ಸುಮನ್. ಅತ್ತೆ ಬಿಚ್ಚಿದರು, ಮೂಸಿದರು, ನನ್ನ ಮುಖ ನೋಡಿದರು, ತಿಂದರು. ಬೆಲ್ಲ ಸ್ವಲ್ಪ ಕಮ್ಮಿ ಎಂದು ಹೇಳಿ ಇನ್ನೊಂದು ತೆಗೆದುಕೊಂಡರು. ಅಷ್ಟರಲ್ಲಿ ಬಂದವರೆಲ್ಲ ಲೂಸ್ ಕರೆಯುವುದನ್ನು ಕೇಳಿ ನಮ್ಮ ಅತ್ತೆಯನ್ನೂ ಆತೆ ಎನ್ನತೊಡಗಿದ್ದರು. ಎದುರು ಮನೆಯ ಟೆಕ್ಸಸ್ ಆಸಾಮಿಯೂ ಅತ್ತೆ ಅಂತಾನಲ್ಲೇ, ನಂಗೆ ಇವನೂ ಅಳಿಯನೇ ಎಂದು ಅತ್ತೆ ಮನೆ ಸೇರುವವರೆಗೂ ಗೊಣಗಿದರು.

ಯುಗಾದಿಗೆ ನಾವೆಲ್ಲ ಕಾಪೆಲ್‌ಗೆ ಡ್ರೈವ್ ಮಾಡಿಕೊಂಡು ಹೋದೆವು. ಸುಧಾಳ ಮನೆಯಲ್ಲಿ ಹೋಳಿಗೆ ಊಟ, ಗ್ಯಾರೇಜಿನಲ್ಲಿ ಪಂಕ್ತಿ, ಎಲ್ಲೆಲ್ಲೂ ಕನ್ನಡ. ಕಿವಿಗೆ ಹಬ್ಬವಾಗಿತ್ತು ಎಂದರೆ ಸುಳ್ಳಲ್ಲ. ನನ್ನ ಪಕ್ಕದ ಎಲೆಯಲ್ಲಿ ಅತ್ತೆ. ಸುಧಾ ಕೋಸಂಬರಿ ಬಡಿಸುತ್ತ ಬಂದವಳು ನನ್ನ ಮುಂದೆ ನಿಂತು, "ಬಾಡಿಗೆಯೋರು ಬಿಡ್ತಿದ್ದಾರಂತಲ್ಲ. ಯಾವಾಗ ವಾಪಸ್ ಬರ್ತೀಯ?" ಎಂದಳು. ಈ ಪ್ರಶ್ನೆಗೆ ನನ್ನ ಬಳಿ ವರ್ಷದಿಂದ ಸಿದ್ಧವಾಗಿದ್ದ ಉತ್ತರವಿತ್ತು. ಹೇಳಲು ಬಾಯಿ ತೆರೆದೆ.

ಅಷ್ಟರಲ್ಲಿ ಗ್ಯಾರೇಜಿನ ಆ ತುದಿಯಿಂದ ಯಾರೋ ಒಬ್ಬ ಸೊಸೆ ತನ್ನ ಅತ್ತೆಯನ್ನು ಊಟಕ್ಕೆ ಕೂಗಿ ಕರೆದಳು. ನಾನು ತಟ್ಟನೆ ತಿರುಗಿದೆ. ಒದ್ದೆ ಕೈಯ, ದುಂಡನೆಯ ಒಬ್ಬ ಹೆಂಗಸನ್ನು ಆ ಸಾಲಿನಲ್ಲೆಲ್ಲ ಹುಡುಕಿದೆ. ಪಕ್ಕದಲ್ಲಿದ್ದ ನನ್ನ ಅತ್ತೆ ತಿರುಗಲಿಲ್ಲ. ತಮ್ಮ ಎಲೆಗೆ ನೀರು ಚಿಮುಕಿಸುತ್ತಲೇ ಹೇಳಿದರು.

"ಆಕೆ ಇಲ್ಲಿಲ್ಲ ಕಣೆ. ಊಟ ಮಾಡು."

ಸುಧಾ ಸೌಟು ಹಿಡಿದು ನನ್ನ ಉತ್ತರಕ್ಕೆ ಕಾಯುತ್ತಿದ್ದಳು.