ಮೊಬೈಲಿಗೆ ‘ಹೂಂ, ಸರ’ ಎನ್ನುತ್ತಿದ್ದ ಅಕ್ಕೋರು

ಮೊಬೈಲಿನಲ್ಲಿ ಪಾಠ ಹೇಳುವವನಿಗೆ ನೀಲಕ್ಕೋರು "ಹೂಂ, ಸರ" ಎಂದು ಉತ್ತರ ಕೊಡುತ್ತಿದ್ದರು. ಖಾನಾಪುರದ ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿ, ನಿವೃತ್ತರಾಗಿ ಬೆಳಗಾವಿಯ ಮಹಾಂತೇಶ ನಗರಕ್ಕೆ, ನಮ್ಮ ಪಕ್ಕದ ಮನೆಗೆ ಬಂದವರು. ಅಂತರ್ಜಾಲದಲ್ಲಿ ಹುಡುಕುವುದು ಹೇಗೆಂಬ ಪುಕ್ಕಟೆ ವಿಡಿಯೋ ಹಚ್ಚಿ, ವಹಿಯಲ್ಲಿ ತಾರೀಖು ಹಾಕಿ, ಮಾರ್ಜಿನ್ ಹೊಡೆದು ಬರೆದುಕೊಳ್ಳುತ್ತಿದ್ದರು. ಹೋಂವರ್ಕ್ ಕೊಟ್ಟರೆ ಅದನ್ನೂ ಮಾಡುತ್ತಿದ್ದರು.

"ಈ ವಯಸ್ಸಿನ್ಯಾಗ ಇದೆಲ್ಲಾ ಯಾಕ್ರಿ ಅಕ್ಕೋರ?" ಎಂದೆ.

"ಒಬ್ಬನ ಮಾನ ತಗಿಯೂದೈತಿ, ಸುಮಾ."

ಆ ಒಬ್ಬ, ಊರವರೆಲ್ಲ ಕರೆದು ಶಾಲು ಹೊದಿಸುವ ಜಾನಪದ ಪ್ರಾಧ್ಯಾಪಕ. ಅಕ್ಕೋರು ಖಾನಾಪುರದ ಹಳ್ಳಿ ಹಳ್ಳಿ ತಿರುಗಿ, ಕನ್ನಡ, ಮರಾಠಿ ಎರಡರಲ್ಲೂ ಬೀಸುಕಲ್ಲಿನ ಹಾಡು ಬರೆದುಕೊಂಡಿದ್ದ ಮೂರು ವಹಿಗಳನ್ನು "ಓದಿ ಕೊಡತೇನ್ರಿ" ಎಂದು ಒಯ್ದವನು ವಾಪಸು ಕೊಡಲಿಲ್ಲ. ಪುಸ್ತಕ ಬಂತು, ಅವನ ಹೆಸರಿನಲ್ಲಿ. ಕೇಳಲು ಹೋದರೆ ನಕ್ಕನಂತೆ: "ಬೀಸೂ ಹಾಡಿಗೆ ಮಾಲಕರು ಯಾರ್ರೀ?"

ಆದರೆ ಕಳ್ಳ ಒಂದು ಹಾಡು ಹೆಚ್ಚು ಕದ್ದಿದ್ದ. ಜ್ವರದಿಂದ ಮಲಗಿದ್ದ ಮಗಳ ಪಕ್ಕ ಕುಳಿತು ಅಕ್ಕೋರು ಬೀಸುವ ಹಾಡಿನ ಧಾಟಿಯಲ್ಲಿ ತಾವೇ ಕಟ್ಟಿದ ಹಾಡದು. ಮಗಳು ಉಳಿಯಲಿಲ್ಲ. ಬೀಸುವ ಹಾಡಿಗೆ ಕಟ್ಟಿದವಳ ಹೆಸರು ಹಾಕುವ ಪದ್ಧತಿಯಿಲ್ಲವೆಂದು ವಹಿಯಲ್ಲಿ ಹೆಸರು ಬರೆದಿರಲಿಲ್ಲ. ಅವನು ಅದರ ಕೆಳಗೆ "ನೂರು ವರ್ಷ ಹಳೆಯದು, ಮುದುಕಿಯೊಬ್ಬಳ ಬಾಯಿಂದ ಕೇಳಿದ್ದು" ಎಂದು ಅಚ್ಚು ಹಾಕಿಸಿದ್ದ. ಇದನ್ನು ಕೇಳಿ ನನಗೂ ಮೈ ಉರಿದುಹೋಯಿತು.

ಅದೇ ಹಾಡನ್ನು ಅವರು ಹಿಂದೆ ಒಂದು ಮಹಿಳಾ ಮಾಸಿಕಕ್ಕೆ ಕಳಿಸಿದ್ದರು. ಸಂಪಾದಕರು ಅಕ್ಕೋರ ಹೆಸರು ಹಾಕಿಯೇ ಪ್ರಕಟಿಸಿದ್ದರು. ಇದ್ದೊಂದು ಪ್ರತಿಯನ್ನು ಗೆದ್ದಲು ತಿಂದಿತ್ತು. ವಿಡಿಯೋದ ಒಂಬತ್ತನೆಯ ಪಾಠ, ಹಳೆಯ ಪತ್ರಿಕೆಗಳ ಸ್ಕ್ಯಾನ್ ಪ್ರತಿ ಹುಡುಕುವುದು. ಮಾಸಿಕದ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ, ವರ್ಷ ಬದಲಿಸಿ ಬದಲಿಸಿ, ಎರಡು ತಿಂಗಳು ಪುಟ ತಿರುವಿದರು. ಒಂದು ಮಧ್ಯಾಹ್ನ ಕಂಪೌಂಡಿನ ಆಚೆಯಿಂದ ಕೂಗು: "ಸಿಕ್ಕಿತು! ಬಾ ಸುಮಾ, ಲಗೂನ ಬಾ!"

ಆ ಪುಟದ ಪ್ರತಿ ಅವನಿಗೆ ಅಂಚೆಯಲ್ಲಿ ಹೋಯಿತು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ವಾರದೊಳಗೆ ಕುಂದಾ ಮಿಠಾಯಿಯ ಡಬ್ಬಿ ಹಿಡಿದು ಬಂದ.

"ದೊಡ್ಡ ಮನಸ್ಸು ಮಾಡ್ರಿ, ಅಕ್ಕೋರ."

"ಮನಸ್ಸು ಆಮ್ಯಾಲ. ಮದಲ ಕುಂದರ್ರಿ, ಬರೀರಿ. ಯಾರ ವಹಿ, ಯಾರ ಹಾಡು, ಎಲ್ಲಾ."

ಬರೆದ. ಅಕ್ಕೋರು ಕೆಂಪು ಪೆನ್ನಿನಿಂದ ‘ಅಕಸ್ಮಾತ್ತಾಗಿ’ ಎಂಬುದನ್ನು ಹೊಡೆದುಹಾಕಿ ಮತ್ತೆ ಬರೆಸಿದರು. ಮೂರನೆಯ ಸಲ ಬರೆದು, ಸಹಿ ಹಾಕಿ ಎದ್ದವನು "ಕ್ಷಮಿಸಿದ್ರಿಲ್ರೀ?" ಎಂದ.

"ಇಲ್ಲ" ಎಂದರು. ಕುಂದಾ ವಾಪಸು ಹೋಯಿತು.

ಅಕ್ಕೋರು ಲಿಂಗೈಕ್ಯರಾಗಿ ವರ್ಷವಾಯಿತು. ಅವರು ಪಕ್ಕದಲ್ಲಿ ಕುಳಿತು ಹೇಳಿದಂತೆ ಆ ಪತ್ರವನ್ನು ಅಂತರ್ಜಾಲಕ್ಕೆ ಏರಿಸಿದವಳು ನಾನು. ಇವತ್ತಿಗೂ ಪ್ರಾಧ್ಯಾಪಕನ ಹೆಸರು ಹುಡುಕಿದರೆ ಮೊದಲು ಬರುವುದು ಅದೇ. ಮೊನ್ನೆ ಅವನೇ ಫೋನ್ ಮಾಡಿದ: "ಅಕ್ಕೋರಂತೂ ಹೋದ್ರು. ಇನ್ನರ ಅದನ್ನ ತಗೀವಾ, ತಂಗಿ."

"ಹಾಕೂದಷ್ಟ ಕಲಿಸಿ ಹೋಗ್ಯಾರ್ರೀ, ಸರ" ಎಂದೆ. "ತಗಿಯೂದು ಕಲಿಸಿಲ್ಲ."